ಹತ್ತು ವರ್ಷ ಶಾಲೆಗೆ ಹೋದ ಹುಡುಗನಿಗೆ ಸ್ಕೇಲಿನ ಮೇಲೆ ಮೂರು ಸೂತ ಯಾಕೆ ಕಾಣುವುದಿಲ್ಲ?

ಗೋಕುಲ ರೋಡ್ ಟರ್ನರ್

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ಗೋಕುಲ ರೋಡಿನ ಶೆಡ್‌ಗಳಲ್ಲಿ 11 ವರ್ಷ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮಷೀನ್, ಓಡಿಸಿದವನು. ಈಗ 9 ವರ್ಷದಿಂದ ಒಂದು ಐಟಿಐಯಲ್ಲಿ ಟರ್ನರ್ ಟ್ರೇಡ್ ಹೇಳಿಕೊಡುತ್ತಿದ್ದೇನೆ. ಶಾಲೆಯ ಶಿಕ್ಷಕರು, ಶೆಡ್ ಮಾಲೀಕರು, ಪಾಲಕರು ಎಲ್ಲರೂ ಇಲ್ಲಿ ಇದ್ದೀರಿ. ಅದಕ್ಕೇ ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಎತ್ತುತ್ತಿದ್ದೇನೆ.

ಹೊಸ ಬ್ಯಾಚ್ ಬಂದ ಮೊದಲ ವಾರ ನಾನು ಮಷೀನ್ ಮುಟ್ಟಿಸುವುದಿಲ್ಲ. ಒಬ್ಬೊಬ್ಬರ ಕೈಗೆ ಒಂದು ಸ್ಟೀಲ್ ಸ್ಕೇಲು, ಒಂದು ಕಬ್ಬಿಣದ ರಾಡಿನ ತುಂಡು ಕೊಡುತ್ತೇನೆ. ಉದ್ದ ಎಷ್ಟು ಹೇಳಪ್ಪ ಅನ್ನುತ್ತೇನೆ. 20 ಹುಡುಗರಲ್ಲಿ ಏಳೆಂಟು ಜನ ಸರಿ ಹೇಳಿದರೆ ಜಾಸ್ತಿ. ಶಾಲೆಯ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಯ ಗೆರೆ ಅಂಚಿನಿಂದ ಸ್ವಲ್ಪ ಒಳಗೆ ಇರುತ್ತದೆ. ಸ್ಟೀಲ್ ಸ್ಕೇಲಿನಲ್ಲಿ ಅಂಚೇ ಸೊನ್ನೆ. ಇವರು ಸೊನ್ನೆ ಹುಡುಕುತ್ತಾರೆ, ಸಿಗುವುದಿಲ್ಲ, ಒಂದರಿಂದ ಶುರು ಮಾಡುತ್ತಾರೆ. ಆಮೇಲೆ ಒಂದು ಕಳೆಯುವುದನ್ನು ಮರೆಯುತ್ತಾರೆ.

ಇಂಚಿನ ಕಡೆ ತಿರುಗಿಸಿದರೆ ಇನ್ನೂ ಕಷ್ಟ. ನಮ್ಮ ಶೆಡ್‌ಗಳಲ್ಲಿ ಇವತ್ತಿಗೂ "ಮೂರು ಸೂತಿನ ಡ್ರಿಲ್ ಕೊಡು" ಅನ್ನುತ್ತಾರೆ. ಎಂಟು ಸೂತ ಸೇರಿದರೆ ಒಂದು ಇಂಚು. ಮೂರು ಸೂತ ಅಂದರೆ 3/8 ಇಂಚು, ಹೆಚ್ಚುಕಡಿಮೆ ಒಂಬತ್ತೂವರೆ ಮಿಲಿಮೀಟರ್. ಬೋರ್ಡಿನ ಮೇಲೆ 3/8ಕ್ಕೆ 1/4 ಕೂಡಿಸು ಅಂದರೆ ಹುಡುಗರು ಲ.ಸಾ.ಅ. ತೆಗೆದು 5/8 ಅಂತ ಬರೆಯುತ್ತಾರೆ. ಲೆಕ್ಕ ಸರಿ ಇದೆ. ಆ 5/8 ಸ್ಕೇಲಿನಲ್ಲಿ ಎಲ್ಲಿದೆ, ಬೆರಳಿಡು ಅಂದರೆ ಮಾತ್ರ ಬೆರಳು ಅಲೆದಾಡುತ್ತದೆ.

ಇದನ್ನು ಹುಡುಗರ ಮೇಲಿನ ದೂರು ಅಂದುಕೊಳ್ಳಬೇಡಿ. ಇನ್ನೊಂದು ಘಟನೆ ಹೇಳುತ್ತೇನೆ. ಹೋದ ವರ್ಷ ಟೇಪರ್ ಟರ್ನಿಂಗ್, ಅಂದರೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಬರುವ ಹಾಗೆ ಕಡೆಯುವುದನ್ನು ಮಾಡಿಸುತ್ತಿದ್ದೆ. ಒಂದು ತುದಿಯ ವ್ಯಾಸ 40 ಮಿಲಿಮೀಟರ್, ಇನ್ನೊಂದು ತುದಿ 30, ಉದ್ದ 50. ಲೇತಿನ ಕಾಂಪೌಂಡ್ ರೆಸ್ಟ್ (ಕತ್ತರಿಸುವ ಟೂಲ್ ಕೂರುವ ಭಾಗ) ಎಷ್ಟು ಡಿಗ್ರಿ ತಿರುಗಿಸಬೇಕು? ವ್ಯಾಸಗಳ ವ್ಯತ್ಯಾಸ 10. ಅದರ ಅರ್ಧ 5. ಅದನ್ನು 50ರಿಂದ ಭಾಗಿಸಿದರೆ 0.1. ಯಾವ ಕೋನದ ಟ್ಯಾನ್ 0.1 ಅಂತ ಟೇಬಲ್ ನೋಡಿದರೆ 5 ಡಿಗ್ರಿ 43 ನಿಮಿಷ. ಇದನ್ನು ಬೋರ್ಡಿನ ಮೇಲೆ ಹೇಳಿದಾಗ ಎಲ್ಲರೂ ಸುಮ್ಮನೆ ಬರೆದುಕೊಂಡರು. ಲೇತಿನ ಹತ್ತಿರ ಹೋದೆವು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 36 ಅಂಕ ತೆಗೆದ ಒಬ್ಬ ಹುಡುಗ ಜಾಬನ್ನು (ಕಡೆಯಬೇಕಾದ ತುಂಡನ್ನು) ನೋಡುತ್ತಾ ನಿಂತಿದ್ದವನು ಒಮ್ಮೆಲೇ ಅಂದ: "ಸರ್, ಇದು ಸಾಲ್ಯಾಗ ಇತ್ತಲ್ರೀ! ಗೋಪುರದ ಎತ್ತರ ಕಂಡುಹಿಡಿ ಅಂತಿದ್ರಲ್ಲ, ಅದ ಇದು. ಇಲ್ಲಿ ಗೋಪುರ ಅಡ್ಡ ಮಲಗೇತಿ."

ಆ ಹುಡುಗನಿಗೆ ಆಮೇಲೆ ತ್ರಿಕೋನಮಿತಿಯನ್ನು ನಾನು ಮತ್ತೆ ಹೇಳಿಕೊಡಲಿಲ್ಲ. ಬೇಕಾಗಲೇ ಇಲ್ಲ.

ಅಂದರೆ ಶಾಲೆ ಕಲಿಸಿಲ್ಲ ಅನ್ನುವುದು ಸುಳ್ಳು. ಅವನ ತಲೆಯಲ್ಲಿ ಅದು ಇತ್ತು. ಕೈಗೆ ಬಂದಿರಲಿಲ್ಲ, ಅಷ್ಟೆ. ಐಟಿಐಯಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಅಂತ ಒಂದು ವಿಷಯ ಇದೆ. ಅದರ ಮೊದಲ ಪಾಠಗಳು ಅಳತೆಯ ಮಾನ, ಭಿನ್ನರಾಶಿ, ವರ್ಗಮೂಲ, ಅನುಪಾತ, ಶೇಕಡಾ. ಎಲ್ಲವೂ ಏಳು ಎಂಟನೇ ಕ್ಲಾಸಿನ ಪಾಠ. ಅದನ್ನೇ ಮತ್ತೆ ಹೇಳುವುದರಲ್ಲಿ ನಮ್ಮ ಎಷ್ಟೋ ತಿಂಗಳು ಹೋಗುತ್ತವೆ.

ನನ್ನ ಪ್ರಶ್ನೆ ಇಷ್ಟು. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ, ಡಿಪ್ಲೊಮಾ ಅಥವಾ ನೇರ ಕೆಲಸಕ್ಕೆ ಹೋಗುವ ಮಕ್ಕಳಿಗೆ ಶಾಲೆಯಿಂದ ಏನು ಸಿಗಬೇಕು? ಹೊಸ ವಿಷಯ ಬೇಕೋ, ಅಥವಾ ಇರುವ ವಿಷಯವನ್ನೇ ಬೇರೆ ಥರ ಕಲಿಸಿದರೆ ಸಾಕೋ?

ಹಾವೇರಿ ಗಣಿತ ಟೀಚರ್

ಸರ್, ಓದಿ ಸ್ವಲ್ಪ ಬೇಜಾರಾಯಿತು, ಆದರೆ ನೀವು ಹೇಳಿದ್ದು ನಿಜ. ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಶಿಕ್ಷಕಿ. ನಮ್ಮ ಕಡೆಯ ಮಾತನ್ನೂ ಕೇಳಿ.

ಎಂಟನೇ ಕ್ಲಾಸಿಗೆ ಬರುವ ಮಕ್ಕಳಲ್ಲಿ ಒಂದಷ್ಟು ಜನರಿಗೆ ಭಾಗಾಕಾರವೇ ಗಟ್ಟಿ ಇರುವುದಿಲ್ಲ. ಜೂನ್‌ನಲ್ಲಿ ಸೇತುಬಂಧ ಅಂತ ಹಿಂದಿನ ಪಾಠ ಹೇಳಿಕೊಡುತ್ತೇವೆ. ಅದು ಮುಗಿಯುವ ಮೊದಲೇ ಪಠ್ಯ ಓಡಲು ಶುರುವಾಗುತ್ತದೆ. ಹತ್ತನೇ ಕ್ಲಾಸಿನಲ್ಲಿ ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಸಾಲು ಸಾಲು ಪೂರ್ವಸಿದ್ಧತಾ ಪರೀಕ್ಷೆ. ಹಿಂದೆ ಬಿದ್ದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್. ಅಂದರೆ ಖಚಿತವಾಗಿ ಬರುವ ಪ್ರಶ್ನೆಗಳನ್ನು ಆರಿಸಿ ಅವಷ್ಟನ್ನೇ ಉಜ್ಜಿಸುವುದು. ನಿಮ್ಮ 36 ಅಂಕದ ಹುಡುಗ ಬಹುಶಃ ಹಾಗೇ ಪಾಸಾದವನು. ನಾನೂ ಅಂಥ ಮಕ್ಕಳನ್ನು ಪಾಸು ಮಾಡಿಸಿದ್ದೇನೆ. ಪಾಸಾಗದಿದ್ದರೆ ನಿಮ್ಮ ಐಟಿಐ ಬಾಗಿಲಿಗೂ ಅವರು ಬರುತ್ತಿರಲಿಲ್ಲ. ಟರ್ನರ್, ಫಿಟ್ಟರ್, ಎಲೆಕ್ಟ್ರಿಷಿಯನ್ ಯಾವುದಕ್ಕೂ ವಿಜ್ಞಾನ ಗಣಿತ ಇರುವ ಹತ್ತನೇ ಕ್ಲಾಸ್ ಪಾಸಾಗಿರಲೇಬೇಕಲ್ವಾ?

ಆದರೆ ಒಂದು ಅನುಭವ ನನಗೂ ಇದೆ. ಮೊದಲಿನ ಪಠ್ಯದಲ್ಲಿ ಎರಡು ವೃತ್ತಗಳಿಗೆ ಸಾಮಾನ್ಯ ಸ್ಪರ್ಶಕ ಎಳೆಯುವ ರಚನೆ ಇತ್ತು. ನೇರ ಸ್ಪರ್ಶಕ ಒಂದು, ವ್ಯತ್ಯಸ್ತ ಸ್ಪರ್ಶಕ ಇನ್ನೊಂದು. ಮಕ್ಕಳು ಕೈವಾರ ಹಿಡಿದು ಹಂತ ಹಂತವಾಗಿ ಬಾಯಿಪಾಠ ಮಾಡಿ ಎಳೆಯುತ್ತಿದ್ದರು. ಯಾಕೆ ಎಳೆಯುತ್ತೇವೆ ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಒಂದು ದಿನ ಊರಿನ ಹಿಟ್ಟಿನ ಗಿರಣಿಗೆ ಜೋಳ ಬೀಸಿಸಲು ಹೋದಾಗ ಬೆಲ್ಟ್ ನೋಡಿದೆ. ಎರಡು ಪುಲ್ಲಿ, ಮೇಲೊಂದು ಗೆರೆ, ಕೆಳಗೊಂದು ಗೆರೆ. ಅದೇ ನೇರ ಸಾಮಾನ್ಯ ಸ್ಪರ್ಶಕ! ಬೆಲ್ಟನ್ನು ಅಡ್ಡ ಹಾಯಿಸಿದರೆ ಅದು ವ್ಯತ್ಯಸ್ತ ಸ್ಪರ್ಶಕ, ಆಗ ಎರಡನೇ ಪುಲ್ಲಿ ಉಲ್ಟಾ ತಿರುಗುತ್ತದೆ.

ಮರುದಿನ 42 ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಗಿರಣಿಯ ಅಜ್ಜನೇ ಪಾಠ ಮಾಡಿದರು. ಮೋಟಾರಿನ ಪುಲ್ಲಿ ನಾಲ್ಕು ಇಂಚು, ಕಲ್ಲಿನ ಕಡೆಯ ಪುಲ್ಲಿ ಹನ್ನೆರಡು. ಮೋಟಾರ್ ನಿಮಿಷಕ್ಕೆ 1440 ಸುತ್ತು ತಿರುಗಿದರೆ ಕಲ್ಲು 480. ವಿಲೋಮ ಅನುಪಾತವನ್ನು ನಾನು ಎರಡು ವಾರ ಹೇಳಿದ್ದೆ. ಅಜ್ಜ ಎರಡು ನಿಮಿಷದಲ್ಲಿ ಹೇಳಿದರು. "ಸಣ್ಣದು ಮೂರು ಸುತ್ತು ಹಾಕಿದ್ರ ದೊಡ್ಡದು ಒಂದ ಸುತ್ತು ಹಾಕತೈತಿ, ಯವ್ವಾ, ಅಷ್ಟ."

ಅದು ವರ್ಷಕ್ಕೆ ಒಂದು ದಿನ ಮಾತ್ರ. ಉಳಿದ ದಿನ ನಾನು ಮತ್ತೆ ಬೋರ್ಡಿಗೇ ಅಂಟಿಕೊಂಡೆ. ಆ ತಪ್ಪು ನನ್ನದೂ ಹೌದು.

ತಾರಿಹಾಳ ಶೆಡ್

ನಾನು ತಾರಿಹಾಳದಲ್ಲಿ ಸಣ್ಣ ಮಷೀನ್ ಶಾಪ್ ಇಟ್ಟಿದ್ದೇನೆ. ಒಟ್ಟು 14 ಜನ. ದೊಡ್ಡ ಕಂಪನಿಗಳಿಗೆ ಪಾರ್ಟ್ಸ್ ಮಾಡಿಕೊಡುವ ಸಬ್ ಕಾಂಟ್ರ್ಯಾಕ್ಟ್ ಕೆಲಸ.

ನೇರವಾಗಿ ಹೇಳುತ್ತೇನೆ. ತ್ರಿಕೋನಮಿತಿ ನನಗೆ ಎರಡನೆಯದು. ಸಿಎನ್‌ಸಿ ಮಷೀನಿನಲ್ಲಿ ಅದನ್ನು ಕಂಪ್ಯೂಟರ್ ಮಾಡುತ್ತದೆ. ನನಗೆ ಬೇಕಾದ್ದು ಮೂರು. ಡ್ರಾಯಿಂಗ್ ಓದಬೇಕು. ಅಳತೆ ತೆಗೆದು ಜಾಬ್ ಕಾರ್ಡಿನಲ್ಲಿ ನಿಜವಾದ ಅಂಕಿ ಬರೆಯಬೇಕು. ತಪ್ಪಾದರೆ ತಕ್ಷಣ ಬಂದು ಹೇಳಬೇಕು.

ಮೂರನೆಯದರ ಬಗ್ಗೆ ಹೇಳಲೇಬೇಕು. ಒಬ್ಬ ಹುಡುಗ ಬುಷ್ (ಗಿಡ್ಡ ಕೊಳವೆಯಂಥ ಪಾರ್ಟ್) ಮಾಡುತ್ತಿದ್ದ. ಡ್ರಾಯಿಂಗಿನಲ್ಲಿ ವ್ಯಾಸ 25, ಮೇಲೆ ಕೆಳಗೆ 0.05 ಮಿಲಿಮೀಟರ್ ಬಿಡುವು. ಮೂರನೇ ಪೀಸ್ ಹೊತ್ತಿಗೆ ಟೂಲ್ ಸವೆದು ಅಳತೆ ತಪ್ಪಿದ್ದು ಅವನಿಗೆ ಗೊತ್ತಾಗಿದೆ. ಹೇಳಲಿಲ್ಲ. ಸಂಜೆವರೆಗೆ ಮಾಡುತ್ತಲೇ ಹೋದ. ಕಾರ್ಡಿನಲ್ಲಿ ಎಲ್ಲ ಪೀಸಿಗೂ 25.00 ಅಂತ ಬರೆದಿದ್ದ. 40 ಪೀಸ್ ರಿಜೆಕ್ಟ್. ಯಾಕಪ್ಪ ಅಂದರೆ ಅಳುತ್ತಾ ನಿಂತ. ಬೈತೀರಿ ಅಂತ ಹೆದರಿದೆ ಅಂದ.

ರಾತ್ರಿ ಯೋಚನೆ ಮಾಡಿದೆ. ಈ ಹೆದರಿಕೆ ಎಲ್ಲಿಂದ ಬಂತು? ಶಾಲೆಯಲ್ಲಿ ಉತ್ತರ ಸರಿ ಅಥವಾ ತಪ್ಪು, ಎರಡೇ. ತಪ್ಪಿಗೆ ಕೆಂಪು ಗೀಟು. ಲ್ಯಾಬಿನಲ್ಲಿ ಪ್ರಯೋಗ ಮಾಡಿದರೂ ಪುಸ್ತಕದಲ್ಲಿರುವ ಉತ್ತರವನ್ನೇ ಬರೆಯುತ್ತಿದ್ದೆವು, ಅಲ್ವಾ? ನಾನೂ ಹಾಗೇ ಓದಿದವನು. ನಮ್ಮ ಕೆಲಸದಲ್ಲಿ ಸರಿಯಾಗಿ 25 ಅಂತ ಯಾವುದೂ ಇಲ್ಲ. 24.97 ಬಂದರೆ ಒಳ್ಳೆಯ ಪೀಸ್. 24.93 ಬಂದರೆ ಕೆಟ್ಟದ್ದು. ಎಷ್ಟು ತಪ್ಪಿದೆ, ಯಾಕೆ ತಪ್ಪಿದೆ ಅಂತ ಕೇಳುವುದೇ ನಮ್ಮ ಧಂದೆ. ಬರೆದ ಅಂಕಿ ನಿಜ ಇದ್ದರೆ ಟೂಲ್ ಬದಲಿಸಬಹುದು. ಸುಳ್ಳಿದ್ದರೆ ಏನು ಮಾಡಲಿಕ್ಕೆ ಬರುತ್ತದೆ?

ಶಾಲೆಯವರು ಇದೊಂದನ್ನು ಮಾಡಿದರೆ ಸಾಕು. ಹತ್ತು ಮಕ್ಕಳು ಒಂದೇ ಬೆಂಚನ್ನು ಅಳೆಯಲಿ. ಹತ್ತು ಅಂಕಿ ಬರಲಿ. ಯಾಕೆ ಬೇರೆ ಬೇರೆ ಬಂತು ಅಂತ ಮಾತಾಡಲಿ. ಯಾರಿಗೂ ಬೈಯಬೇಡಿ.

ಗೋಕುಲ ರೋಡ್ ಟರ್ನರ್

ಶೆಡ್ ಸಾಹೇಬರೇ, ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಹುಡುಗರೂ ವರ್ನಿಯರ್ ಓದಿ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅಂಕಿ ಹೇಳುತ್ತಾರೆ. 0.02 ಮಿಲಿಮೀಟರ್‌ವರೆಗೆ ಓದಲು ಬರುವ ಸಾಧನ ಕೈಯಲ್ಲಿದೆ. ಆದರೂ ಉತ್ತರಕ್ಕೆ ಮೇಷ್ಟ್ರ ಮುಖವೇ ಬೇಕು. ಇನ್ನು ಮೇಲೆ ನಾನು ಅಳತೆ ತೆಗೆಸುವಾಗ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಶಿಗ್ಗಾಂವಿ ಎಲೆಕ್ಟ್ರಿಷಿಯನ್

ನಾನು ಶಿಗ್ಗಾಂವಿ ಕಡೆಯವನು. ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಮಾಡಿದೆ. ತಮ್ಮಂದಿರು ಯಾರಾದರೂ ಓದುತ್ತಿದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಐಟಿಐಗೆ ತಾನೇ ಹೋಗೋದು, ಎಸ್ಸೆಸ್ಸೆಲ್ಸಿ ಸುಮ್ನೆ ಪಾಸಾದರೆ ಸಾಕು" ಅಂತ ನನಗೆ ಎಲ್ಲರೂ ಹೇಳಿದ್ದರು. ಅದು ತಪ್ಪು. ರೈಲ್ವೆ ಅಪ್ರೆಂಟಿಸ್‌ಗೆ ಬರೆಯುವ ಪರೀಕ್ಷೆ ಇಲ್ಲ. ಎಸ್ಸೆಸ್ಸೆಲ್ಸಿ ಅಂಕ, ಐಟಿಐ ಅಂಕ ಎರಡನ್ನೂ ಸೇರಿಸಿ ಸರಾಸರಿ ತೆಗೆದು ಮೆರಿಟ್ ಲಿಸ್ಟ್ ಮಾಡುತ್ತಾರೆ. ಹತ್ತನೇ ಕ್ಲಾಸಿನಲ್ಲಿ ಶೇಕಡಾ 50 ಇರಲೇಬೇಕು. ನನ್ನ ಜೊತೆಯ ಇಬ್ಬರು ಐಟಿಐಯಲ್ಲಿ ನನಗಿಂತ ಚುರುಕು. ಎಸ್ಸೆಸ್ಸೆಲ್ಸಿ ಅಂಕ ಕಡಿಮೆ ಇದ್ದದ್ದಕ್ಕೇ ಹೊರಗೆ ಉಳಿದರು.

ನಾನು ಹೇಳಬೇಕಾದ್ದು ಭಾಷೆಯ ಬಗ್ಗೆ. ಕನ್ನಡ ಮೀಡಿಯಂನಲ್ಲಿ ಓದಿದೆ. ವಿದ್ಯುತ್ ಪಾಠ ನನಗೆ ಬಹಳ ಇಷ್ಟವಾಗಿತ್ತು. ಐಟಿಐಗೆ ಬಂದ ಮೊದಲ ತಿಂಗಳು ಏನೂ ಅರ್ಥವಾಗಲಿಲ್ಲ. ನಾನು ದಡ್ಡ ಅಂದುಕೊಂಡೆ. ಒಂದು ದಿನ ಸರ್ ಓಮ್ಸ್ ಲಾ ಅಂತ ಬರೆದರು. ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್. ನೋಡುತ್ತಾ ಕುಳಿತಾಗ ಗೊತ್ತಾಯಿತು. ಇದು ಓಮನ ನಿಯಮ! ವಿಭವಾಂತರವೇ ವೋಲ್ಟೇಜ್. ರೋಧವೇ ರೆಸಿಸ್ಟೆನ್ಸ್. ಸರಣಿ ಜೋಡಣೆ ಅಂದರೆ ಸೀರೀಸ್, ಸಮಾಂತರ ಅಂದರೆ ಪ್ಯಾರಲಲ್. ಪರ್ಯಾಯ ವಿದ್ಯುತ್ ಪ್ರವಾಹವನ್ನೇ ಇಲ್ಲಿ ಎಸಿ ಅನ್ನುತ್ತಾರೆ. ಭೂಸಂಪರ್ಕ ತಂತಿ ಅಂದರೆ ಅರ್ಥಿಂಗ್.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು ಎಡಕ್ಕೆ ಶಾಲೆಯ ಪದ, ಬಲಕ್ಕೆ ವರ್ಕ್‌ಶಾಪಿನ ಪದ ಬರೆದೆ. ಒಟ್ಟು 64 ಪದ ಆದವು. ಆ ಪುಟವನ್ನು ಇಡೀ ಕ್ಲಾಸ್ ಝೆರಾಕ್ಸ್ ಮಾಡಿಸಿಕೊಂಡಿತು.

ಕನ್ನಡದ ಪದಗಳನ್ನು ತೆಗೆಯಬೇಕು ಅಂತ ನಾನು ಹೇಳುತ್ತಿಲ್ಲ. ರೋಧ ಅಂದಾಗ ತಡೆಯುವುದು ಅಂತ ನನಗೆ ಅರ್ಥವಾಗಿತ್ತು. ಆ ಅರ್ಥ ಇದ್ದದ್ದಕ್ಕೇ ಆಮೇಲೆ ಬೇಗ ಹಿಡಿದೆ. ಇಂಗ್ಲಿಷ್ ಮೀಡಿಯಂ ಹುಡುಗರು ಪದ ಹೇಳುತ್ತಿದ್ದರು, ಹಾಗಂದರೇನು ಅಂದರೆ ಎಷ್ಟೋ ಜನ ಸುಮ್ಮನಾಗುತ್ತಿದ್ದರು. ಆದರೆ ಹತ್ತನೇ ಕ್ಲಾಸಿನ ಟೀಚರ್ ಪಾಠ ಮಾಡುವಾಗ "ಇದನ್ನು ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಹೀಗೆ ಅನ್ನುತ್ತಾರೆ" ಅಂತ ಒಂದೇ ಸಲ ಹೇಳಿದ್ದರೆ ನನ್ನ ಒಂದು ತಿಂಗಳ ಅಳು ಉಳಿಯುತ್ತಿತ್ತು. ನಮ್ಮ ಅಪ್ಪ ಹೊಲದ ಮೋಟಾರ್ ಐದು ಎಚ್‌ಪಿ ಅನ್ನುತ್ತಾರೆ. ಪುಸ್ತಕದಲ್ಲಿ ವ್ಯಾಟ್ ಇದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್ ಅಂತ ನನಗೆ ಗೊತ್ತಾದದ್ದು 17ನೇ ವಯಸ್ಸಿನಲ್ಲಿ. ಹುಟ್ಟಿದಾಗಿನಿಂದ ಆ ಮೋಟಾರಿನ ನೀರನ್ನೇ ಕುಡಿದಿದ್ದೇನೆ.

ಬೆಟಗೇರಿ ಅಕ್ಕ

ಎಲ್ಲರೂ ಗಂಡುಹುಡುಗರ ಮಾತೇ ಆಡುತ್ತಿದ್ದೀರಿ. ಹೆಣ್ಣುಮಕ್ಕಳ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಗದಗ-ಬೆಟಗೇರಿಯಲ್ಲಿ 16 ವರ್ಷದಿಂದ ಹೊಲಿಗೆ ಕಲಿಸುತ್ತಿದ್ದೇನೆ.

ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ಗಣಿತಕ್ಕೆ ಹೆದರಿ ಶಾಲೆ ಬಿಟ್ಟವರು ಬಹಳ. ಅವರಿಗೇ ಕುಪ್ಪಸ ಕತ್ತರಿಸಲು ಹೇಳಿ. ಎದೆ ಸುತ್ತಳತೆ 34 ಇದ್ದರೆ ನಾಲ್ಕರಿಂದ ಭಾಗಿಸಿ ಎಂಟೂವರೆ ಅನ್ನುತ್ತಾರೆ. ಅದಕ್ಕೆ ಸಡಿಲ ಇಷ್ಟು, ಹೊಲಿಗೆಗೆ ಇಷ್ಟು ಅಂತ ಬಾಯಲ್ಲೇ ಕೂಡಿಸುತ್ತಾರೆ. ಬಟ್ಟೆಯ ಮೇಲೆ ಚಾಕಿನಿಂದ ಗುರುತು ಹಾಕುತ್ತಾರೆ. ಒಂದು ಸಲವೂ ತಪ್ಪುವುದಿಲ್ಲ, ಯಾಕೆಂದರೆ ತಪ್ಪಿದರೆ ಬಟ್ಟೆ ಹಾಳು. ಹಾಗಾದರೆ ಇವರಿಗೆ ಭಿನ್ನರಾಶಿ ಬರುವುದಿಲ್ಲ ಅಂತ ಹೇಳಿದವರು ಯಾರು?

ಒಮ್ಮೆ ಅವರನ್ನು ಹುಬ್ಬಳ್ಳಿಯ ಬೆಂಗೇರಿಗೆ ಕರೆದುಕೊಂಡು ಹೋಗಿದ್ದೆ, ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ. ರಾಷ್ಟ್ರಧ್ವಜ ತಯಾರಾಗುವ ಜಾಗ. ಅಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ಧ್ವಜಕ್ಕೆ ಒಂಬತ್ತು ಅಳತೆಗಳಿವೆ. ಅತಿ ಚಿಕ್ಕದು 150 ಮಿಲಿಮೀಟರ್ ಉದ್ದ, 100 ಎತ್ತರ. ಅತಿ ದೊಡ್ಡದು 6300ಕ್ಕೆ 4200. ಯಾವ ಅಳತೆ ತೆಗೆದುಕೊಂಡರೂ ಉದ್ದ ಮೂರು ಪಾಲಾದರೆ ಎತ್ತರ ಎರಡು ಪಾಲು. ಮೂರು ಪಟ್ಟಿ ಸಮನಾಗಿರಬೇಕು. 900ಕ್ಕೆ 600ರ ಧ್ವಜದಲ್ಲಿ ಒಂದೊಂದು ಪಟ್ಟಿ 200 ಬರುತ್ತದೆ. ನಡುವಿನ ಚಕ್ರಕ್ಕೆ 24 ಅರ. 360ನ್ನು 24ರಿಂದ ಭಾಗಿಸಿ, ಒಂದು ಅರಕ್ಕೂ ಇನ್ನೊಂದಕ್ಕೂ ನಡುವೆ 15 ಡಿಗ್ರಿ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳು ಹುಡುಗಿ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾದವಳು, "ಅಕ್ಕಾರ, ಅನುಪಾತ ಅಂದ್ರ ಇದ ಏನ್ರಿ?" ಅಂದಳು. ಹೌದವ್ವಾ ಇದೇ ಅಂದೆ. ಅವಳು ಮತ್ತೆ ಪರೀಕ್ಷೆ ಕಟ್ಟಿ ಪಾಸಾದಳು. ಈಗ ಧಾರವಾಡದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ.

ನನ್ನ ದುಃಖ ಬೇರೆ. ಒಳ್ಳೆಯ ಅಂಕ ತೆಗೆದ ಹುಡುಗಿಯರಿಗೂ ಎಸ್ಸೆಸ್ಸೆಲ್ಸಿ ಆದ ಮೇಲೆ ಏನೇನಿದೆ ಅಂತ ಶಾಲೆಯಲ್ಲಿ ಒಬ್ಬರೂ ಕೂರಿಸಿ ಹೇಳುವುದಿಲ್ಲ. ಪಿಯು ಆರ್ಟ್ಸ್, ಆಮೇಲೆ ಮದುವೆ. ಹುಡುಗಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಓದಬಹುದು, ಡ್ರಾಫ್ಟ್ಸ್‌ಮನ್ ಆಗಬಹುದು, ಎರಡು ವರ್ಷದ ಐಟಿಐ ಮುಗಿಸಿ ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು ಅಂತ ತಾಯಂದಿರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ. ಇದನ್ನು ಹೇಳಲು ಹಣ ಬೇಕಿಲ್ಲ. ಒಂಬತ್ತನೇ ಕ್ಲಾಸಿನ ಪಾಲಕರ ಸಭೆಯಲ್ಲಿ ಅರ್ಧ ಗಂಟೆ ಸಾಕು.

ನರಗುಂದದ ಪಾಲಕ

ನನ್ನ ಮಾತು ಕೆಲವರಿಗೆ ಹಿಡಿಸದೆ ಇರಬಹುದು. ಆದರೂ ಹೇಳುತ್ತೇನೆ. ನಾನು ರೈತ. ಮಗ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಕಸುಬು ಕಲಿಸಿ ಅನ್ನುವ ಮಾತು ಬಂದಾಗೆಲ್ಲ ನನಗೆ ಒಂದು ಅನುಮಾನ. ಇದು ಯಾರ ಮಕ್ಕಳಿಗೆ? ಹುಬ್ಬಳ್ಳಿ ಧಾರವಾಡದ ದೊಡ್ಡ ಫೀ ಶಾಲೆಯ ಮಕ್ಕಳು ನೀಟ್, ಜೆಇಇ ಕೋಚಿಂಗ್ ಹೋಗುತ್ತಾರೆ. ನಮ್ಮ ಮಕ್ಕಳಿಗೆ ಮಾತ್ರ ಸ್ಪ್ಯಾನರ್ ಕೊಡುತ್ತೀರಾ? ಅಪ್ಪ ಮಾಡಿದ್ದನ್ನೇ ಮಗ ಮಾಡಲಿ ಅಂತ ಹಿಂದೆಯೂ ಹೇಳುತ್ತಿದ್ದರು. ಅದರಿಂದ ಹೊರಗೆ ಬರಲಿ ಅಂತಲೇ ನಾವು ಶಾಲೆಗೆ ಕಳಿಸಿದ್ದು. ನನ್ನ ಮಗ ಡಾಕ್ಟರ್ ಆಗಲಿಕ್ಕಿಲ್ಲ. ಆದರೆ ಆಗುವುದಿಲ್ಲ ಅಂತ 14ನೇ ವಯಸ್ಸಿನಲ್ಲಿ ಬೇರೆಯವರು ತೀರ್ಮಾನ ಮಾಡಬಾರದು.

ಗೋಕುಲ ರೋಡ್ ಟರ್ನರ್

ಅಣ್ಣಾರೇ, ನಿಮ್ಮ ಅನುಮಾನ ನ್ಯಾಯವಾದದ್ದು. ನನ್ನ ಅಪ್ಪನೂ ಕೂಲಿ ಮಾಡಿದವರು. ಮೊದಲ ಪೋಸ್ಟಿನಲ್ಲಿ ನಾನು ಇದನ್ನು ಸ್ಪಷ್ಟವಾಗಿ ಬರೆಯಬೇಕಿತ್ತು.

ಹತ್ತನೇ ಕ್ಲಾಸಿನವರೆಗೆ ಎಲ್ಲ ಮಕ್ಕಳಿಗೂ ಒಂದೇ ಪಾಠ ಇರಬೇಕು. ಗಣಿತ, ವಿಜ್ಞಾನ, ಭಾಷೆ, ಸಮಾಜ ಯಾವುದೂ ಕಡಿಮೆಯಾಗಬಾರದು. ನಾನು ಕೇಳುತ್ತಿರುವುದು ಇಷ್ಟೇ: ಆ ಪಾಠ ಎಲ್ಲ ಮಕ್ಕಳ ಕೈಗೂ ಬರಲಿ. ಫೀ ಶಾಲೆಯ ಮಗುವೂ ಸ್ಟೀಲ್ ಸ್ಕೇಲ್ ಹಿಡಿಯಲಿ. ಡಾಕ್ಟರಿಗೂ ಅಳತೆ ಬೇಕು, ಕೈ ನಡುಗದೆ ಹೊಲಿಗೆ ಹಾಕಬೇಕು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಕಾರ್ಯಾನುಭವ, ಅಂದರೆ ಕೈಯಿಂದ ಕೆಲಸ ಮಾಡಿ ಕಲಿಯುವುದು, ಅಂತ ಹೇಳಿದ್ದೂ ಎಲ್ಲ ಮಕ್ಕಳಿಗಾಗಿಯೇ. ಬಡವರ ಮಕ್ಕಳಿಗೆ ಮಾತ್ರ ಅಂತ ಅಲ್ಲ.

ಇನ್ನೊಂದು ಸಂಗತಿ. ಶಾಲೆಯ ಪಾಠ ಗಟ್ಟಿ ಇಲ್ಲದ ಹುಡುಗನೇ ಕಸುಬಿನಲ್ಲೂ ಸಿಕ್ಕಿಹಾಕಿಕೊಳ್ಳುತ್ತಾನೆ. ಲೇತಿನಿಂದ ಸಿಎನ್‌ಸಿಗೆ ಹೋಗಬೇಕಾದಾಗ ಓದಿ ಅರ್ಥ ಮಾಡಿಕೊಳ್ಳಲು ಬಂದವರು ಮುಂದೆ ಹೋದರು. ನನ್ನ ಜೊತೆ ಕೆಲಸಕ್ಕೆ ಸೇರಿದವರಲ್ಲಿ ಕೈ ಮಾತ್ರ ಚುರುಕಾಗಿದ್ದ ಮೂವರು ಅಲ್ಲೇ ಉಳಿದರು. ಅವರ ಕೈ ನನಗಿಂತ ಚೆನ್ನಾಗಿತ್ತು. ಅದಕ್ಕೇ ಒಂಬತ್ತನೇ ಕ್ಲಾಸಿನಲ್ಲಿ ನಿಮ್ಮ ಮಗನನ್ನು ಬೇರೆ ಸಾಲಿಗೆ ಹಾಕಲು ಬಂದರೆ ನಾನೂ ನಿಮ್ಮ ಜೊತೆ ನಿಂತು ಬೇಡ ಅನ್ನುತ್ತೇನೆ.

ನಿವೃತ್ತ ಕ್ರಾಫ್ಟ್ ಮಾಸ್ತರ

ನನಗೆ ಈಗ 78. ಧಾರವಾಡದಲ್ಲಿ ಇರುತ್ತೇನೆ. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಓದುವಾಗ ದಿನಾ ತಕಲಿಯಿಂದ ನೂಲುತ್ತಿದ್ದೆವು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದ, ಕಸುಬಿನ ಮೂಲಕ ಕಲಿಸುವ ಮೂಲ ಶಿಕ್ಷಣದ ಗಾಳಿ ನಮ್ಮ ಕಡೆಗೂ ಬೀಸಿತ್ತು. ನೂಲಿನ ನಂಬರು ತೆಗೆಯುವುದು ನಮಗೆ ಆಟ. 840 ಗಜಕ್ಕೆ ಒಂದು ಲಡಿ. ಒಂದು ಪೌಂಡ್ ತೂಕಕ್ಕೆ ಎಷ್ಟು ಲಡಿ ಬರುತ್ತದೋ ಅದೇ ನಂಬರು. ನಂಬರು ಹೆಚ್ಚಾದಷ್ಟೂ ನೂಲು ಸಣ್ಣ. ಉದ್ದ, ತೂಕ, ಭಾಗಾಕಾರ ಮೂರೂ ಅದರಲ್ಲೇ ಬಂದವು. ನನಗೆ ಅಂಕಗಣಿತ ಬಂದದ್ದೇ ಹಾಗೆ.

ಆಮೇಲೆ ನಾನೇ ಹೈಸ್ಕೂಲಿನಲ್ಲಿ ಕ್ರಾಫ್ಟ್ ಶಿಕ್ಷಕನಾದೆ. ಬಡಗಿ ಕೆಲಸ ಕಲಿಸುತ್ತಿದ್ದೆ. ಗರಗಸ, ಉಳಿ, ಕೀಸುಳಿ ಎಲ್ಲ ಇದ್ದವು. 1977ರ ನಂತರ ಎಸ್‌ಯುಪಿಡಬ್ಲ್ಯು (ಸಮಾಜಕ್ಕೆ ಉಪಯುಕ್ತವಾದ ಉತ್ಪಾದಕ ಕೆಲಸ) ಅಂತ ಹೆಸರು ಬದಲಾಯಿತು. ಕಾರ್ಯಾನುಭವ ಅಂತ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್. ಆದರೆ ಅದಕ್ಕೆ ಪಬ್ಲಿಕ್ ಪರೀಕ್ಷೆ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ಗಣಿತದ ಮಾಸ್ತರರು ಬಂದು "ನಿಮ್ಮ ಪೀರಿಯಡ್ ಕೊಡ್ರಿ" ಅನ್ನುತ್ತಿದ್ದರು. ನಾನು ಕೊಡುತ್ತಿದ್ದೆ. ಯಾವ ಗಣಿತಕ್ಕಾಗಿ ನನ್ನ ಪೀರಿಯಡ್ ಹೋಯಿತೋ ಅದೇ ಗಣಿತ ನನ್ನ ಬೆಂಚಿನ ಮೇಲಿತ್ತು. ಮೂಲೆಮಟ್ಟ ಇಟ್ಟು 90 ಡಿಗ್ರಿ ನೋಡುವುದು, ಮೂರು, ನಾಲ್ಕು, ಐದು ಅಡಿ ಹಿಡಿದು ಚೌಕಟ್ಟಿನ ಮೂಲೆ ಸರಿ ಮಾಡುವುದು. ಅದು ಪೈಥಾಗೊರಸನ ಪ್ರಮೇಯ. ಇದನ್ನು ನಾನೂ ಅವರಿಗೆ ಹೇಳಲಿಲ್ಲ, ಅವರೂ ಬಂದು ನೋಡಲಿಲ್ಲ. ನಾನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಸಾಮಾನು ಕೋಣೆಗೆ ಬೀಗ ಬಿತ್ತು.

ಪಿಯುಸಿ ಮಟ್ಟದಲ್ಲಿ ಜೆಒಸಿ ಅಂತ ಕಸುಬಿನ ಕೋರ್ಸುಗಳಿದ್ದವು. ಅವೂ ನಿಂತವು. ಈಗ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಮೂರನೇ ಭಾಷೆಯ ಬದಲಿಗೆ ಆಟೊಮೊಬೈಲ್, ರಿಟೇಲ್, ಐಟಿ ಥರದ ವಿಷಯ ತೆಗೆದುಕೊಳ್ಳಬಹುದು. ಒಳ್ಳೆಯದೇ. ಆದರೆ ಅದು ಕೆಲವು ಮಕ್ಕಳ ವಿಷಯವಾಗಿ ಉಳಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಅಂತ ಬರೆದಿದ್ದಾರೆ. ನೀತಿ ಯಾವುದೇ ಇರಲಿ, ಆ ಹತ್ತು ದಿನ ನನಗೆ ಇಷ್ಟವಾಯಿತು. ಮಹಾರಾಷ್ಟ್ರದ ಪಾಬಳ ಅನ್ನುವ ಹಳ್ಳಿಯಲ್ಲಿ ವಿಜ್ಞಾನ ಆಶ್ರಮ ಇದೆ, 1983ರಲ್ಲಿ ಶುರುವಾದದ್ದು. ಅಲ್ಲಿಯವರು ಹೈಸ್ಕೂಲ್ ಮಕ್ಕಳಿಗೆ ವಾರದಲ್ಲಿ ಒಂದು ದಿನ ವೆಲ್ಡಿಂಗ್, ವಯರಿಂಗ್, ಕೃಷಿ, ಅಡುಗೆ ಎಲ್ಲ ಮಾಡಿಸುವ ಕ್ರಮ ತಂದರು. ಒಂದೇ ಕಸುಬಿಗೆ ಕಟ್ಟಿಹಾಕದೆ ಎಲ್ಲವನ್ನೂ ಮುಟ್ಟಿಸುತ್ತಾರೆ. ನರಗುಂದದ ತಮ್ಮನ ಅನುಮಾನಕ್ಕೆ ಉತ್ತರ ಅದರಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ನನ್ನ ಹತ್ತಿರ ಇನ್ನೂ ಆರು ಮೂಲೆಮಟ್ಟ, ಎರಡು ಕೀಸುಳಿ ಇವೆ. ಯಾವ ಶಾಲೆಗಾದರೂ ಬೇಕಿದ್ದರೆ ಒಯ್ಯಿರಿ.

ನರಗುಂದದ ಪಾಲಕ

ಅಜ್ಜಾರೇ, ಟರ್ನರ್ ಸರ್, ಎಲ್ಲ ಮಕ್ಕಳಿಗೂ ಅಂದರೆ ನನ್ನ ತಕರಾರಿಲ್ಲ. ನಿನ್ನೆ ಮಗನಿಗೆ ಮೋಟಾರಿನ ಪ್ಲೇಟ್ ತೋರಿಸಿ ಐದು ಎಚ್‌ಪಿಗೆ ಎಷ್ಟು ವ್ಯಾಟ್ ಅಂತ ಕೇಳಿದೆ. 3730 ಅಂದ. ಗುಣಾಕಾರ ಮಾಡಿದ್ದು ಅವನು, ಹಿಗ್ಗಿದ್ದು ನಾನು.

ಹಾವೇರಿ ಗಣಿತ ಟೀಚರ್

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಶೆಡ್ ಸರ್ ಹೇಳಿದ್ದನ್ನು ಮಾಡಿ ನೋಡಿದೆ. ಪೇಟೆಯಿಂದ ಆರು ಸ್ಟೀಲ್ ಸ್ಕೇಲ್ ತಂದೆ. ಒಂಬತ್ತನೇ ಕ್ಲಾಸಿನ 38 ಮಕ್ಕಳು, ಆರು ಗುಂಪು, ಒಂದೇ ಬೆಂಚು. ಅಳತೆಯನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡಿ, ಯಾರದು ಸರಿ ಅಂತ ನಾನು ಹೇಳುವುದಿಲ್ಲ ಅಂದೆ. ಆರು ಚೀಟಿಯಲ್ಲಿ ಐದು ಬೇರೆ ಬೇರೆ ಅಂಕಿ. ಅತಿ ಕಡಿಮೆ 1196 ಮಿಲಿಮೀಟರ್, ಅತಿ ಜಾಸ್ತಿ 1220.

ಆಮೇಲೆ ನಡೆದದ್ದು ನನ್ನ 12 ವರ್ಷದ ನೌಕರಿಯಲ್ಲಿ ನಡೆದಿರಲಿಲ್ಲ. ಮಕ್ಕಳು ಜಗಳಕ್ಕೆ ಬಿದ್ದರು. ಒಂದು ಗುಂಪು ಸ್ಕೇಲನ್ನು ನಾಲ್ಕು ಸಲ ಎತ್ತಿ ಇಡುವಾಗ ಪ್ರತಿ ಸಲ ಪೆನ್ಸಿಲ್ ಗುರುತಿನ ದಪ್ಪವನ್ನು ಬಿಟ್ಟಿತ್ತು. ಇನ್ನೊಂದು ಗುಂಪು ಒಂದು ಸೆಂಟಿಮೀಟರ್‌ನಿಂದ ಶುರು ಮಾಡಿ ಎರಡು ಸಲ ಕಳೆಯುವುದನ್ನು ಮರೆತಿತ್ತು. ಸದಾ ಹಿಂದಿನ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗ ಎದ್ದು, ಬೆಂಚಿನ ಒಂದು ಬದಿ ಸವೆದಿದೆ, ಎಡಗಡೆ ಅಳೆದರೆ ಬೇರೆ, ಬಲಗಡೆ ಅಳೆದರೆ ಬೇರೆ ಬರುತ್ತದೆ ಟೀಚರ್ ಅಂದ. ಹೋಗಿ ನೋಡಿದರೆ ನಿಜ. ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಅವನ ಅಪ್ಪ ಬ್ಯಾಡಗಿಯಲ್ಲಿ ಬಡಗಿಯಂತೆ. ಇಷ್ಟು ದಿನ ಅದೂ ನನಗೆ ಗೊತ್ತಿರಲಿಲ್ಲ.

ಎಲೆಕ್ಟ್ರಿಷಿಯನ್ ತಮ್ಮಾ, ನಿನ್ನ 64 ಪದಗಳ ಪುಟದ ಫೋಟೊ ಹಾಕು. ವಿಜ್ಞಾನದ ಸರ್ ಕೇಳುತ್ತಿದ್ದಾರೆ. ದೊಡ್ಡ ಹಾಳೆಯಲ್ಲಿ ಬರೆಸಿ ಲ್ಯಾಬಿನ ಗೋಡೆಗೆ ಹಚ್ಚುತ್ತೇವೆ. ಬೆಟಗೇರಿ ಅಕ್ಕಾರೇ, ಮುಂದಿನ ತಿಂಗಳು ನಮ್ಮ ಪಾಲಕರ ಸಭೆ ಇದೆ. ನೀವು ಬಂದು ತಾಯಂದಿರ ಜೊತೆ ಮಾತಾಡುತ್ತೀರಾ? ಹೆಡ್‌ಮಾಸ್ಟರ್ ಒಪ್ಪಿದ್ದಾರೆ.

ಟರ್ನರ್ ಸರ್, ನಿಮ್ಮಲ್ಲಿ ಒಂದು ಕೇಳಬೇಕು. ತ್ರಿಕೋನಮಿತಿ ಪಾಠ ಶುರುವಾಗಲು ಇನ್ನು ಮೂರು ವಾರ ಇದೆ. ಆ ಅಡ್ಡ ಮಲಗಿದ ಗೋಪುರ ನನಗೊಂದು ಸಿಗುತ್ತದಾ?

ಗೋಕುಲ ರೋಡ್ ಟರ್ನರ್

ಒಂದಲ್ಲ ಮೇಡಂ, ಆರು ಕಳಿಸುತ್ತೇನೆ, ಗುಂಪಿಗೊಂದು. ಎಲ್ಲದರ ಕೋನ ಬೇರೆ ಬೇರೆ ಇರುತ್ತದೆ. ಆ 36 ಅಂಕದ ಹುಡುಗ ಈಗ ಎರಡನೇ ವರ್ಷದಲ್ಲಿದ್ದಾನೆ. ಅವನೇ ಮಾಡುತ್ತಾನೆ, ಇವತ್ತೇ ಹೇಳಿದೆ. ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿಸುತ್ತೇನೆ, ಮಕ್ಕಳ ಕೈಗೆ ಚುಚ್ಚಬಾರದು. ಕೋನ ಎಷ್ಟು ಅಂತ ಯಾವ ಪೀಸಿನ ಮೇಲೂ ಬರೆಯುವುದಿಲ್ಲ. ಉತ್ತರಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ ಅಂಟಿಸಿ ಕೊಡುತ್ತೇನೆ, ಮಕ್ಕಳು ಅಳೆದು ಮುಗಿಸಿದ ಮೇಲೆ ತೆಗೆಯಿರಿ. ಶನಿವಾರ ಬೆಳಿಗ್ಗೆ ಹಾವೇರಿ ಬಸ್ಸಿಗೆ ಆ ಹುಡುಗನೇ ತರುತ್ತಾನೆ. ಅವನಿಗೆ ಹತ್ತು ನಿಮಿಷ ಕ್ಲಾಸಿನಲ್ಲಿ ಮಾತಾಡಲು ಬಿಡುತ್ತೀರಾ?

ಹಾವೇರಿ ಗಣಿತ ಟೀಚರ್

ಹತ್ತು ನಿಮಿಷ ಯಾಕೆ ಸರ್, ಪೂರ್ತಿ ಪೀರಿಯಡ್ ಅವನದೇ. ಊಟಕ್ಕೂ ಇರಲು ಹೇಳಿ.